ಹೊಗೆಯ ಮೋಡ

ಪಕ್ಕದ ತೋಟದ ಅಕ್ಕ ಡೀಸೆಲ್ ಪಂಪ್ ಚಾಲೂ ಮಾಡುವ ಮುನ್ನ ಬಿಸಿಲೆ ಘಾಟಿಯ ಕಡೆಯ ಆಕಾಶವನ್ನು ನೋಡದೆ ಇರುತ್ತಿರಲಿಲ್ಲ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಡತೊಡಗಿದ ಮೇಲೆ ನಮಗೆಲ್ಲ ಪಂಪಿನ ನೀರು ಚಿಮ್ಮಿಸುವ ಸ್ಪ್ರಿಂಕ್ಲರೇ ಗತಿ. "ಪಂಪು ಈ ವರ್ಷ ಒಂದೇ ಕಣ್ರೀ" ಎಂದು ಅವರು ಪ್ರತಿವರ್ಷವೂ ಹೇಳುತ್ತಿದ್ದರು.

ಒಂದು ಮಾರ್ಚಿನ ಬೆಳಿಗ್ಗೆ ನಾನು ನನ್ನ ಪಂಪ್ ಓಡಿಸುತ್ತಿದ್ದಾಗ ಅಕ್ಕ ಬೇಲಿಯವರೆಗೆ ಓಡಿಬಂದರು.

"ನಿಲ್ಸಿ ಮಾರಾಯ್ರೆ, ಮೋಡ ಕಟ್ಟೈತೆ!"

ತೋಟದ ಸಿಲ್ವರ್ ಓಕ್ ಮರಗಳ ಮೇಲೆ ನಿಜಕ್ಕೂ ಕಪ್ಪಗೆ ಕವಿದಿತ್ತು. ಪಂಪ್ ನಿಲ್ಲಿಸಿದೆ. ನೋಡುತ್ತಿದ್ದಂತೆ ಆ ಕಪ್ಪು ಚದುರಿ ಬರಿ ಬಿಸಿಲು ಉಳಿಯಿತು. ಅದು ನನ್ನ ಪಂಪಿನ ಹೊಗೆಯೇ ಆಗಿತ್ತು.

"ನಾವೇ ಹಿಂಗೆ ಹೊಗೆ ಬುಟ್ರೆ ಮಳೆ ಎಲ್ಲಿಂದ ಬತ್ತೈತೆ?" ಎಂದ ಅಕ್ಕ, ಒಣಗುತ್ತಿದ್ದ ಮೊಗ್ಗೊಂದನ್ನು ಮುಟ್ಟಿ ನೋಡಿದರು. ಆಮೇಲೆ ಹೋಗಿ ತಮ್ಮ ಪಂಪ್ ಚಾಲೂ ಮಾಡಿದರು. ಅವತ್ತು ಆಕಾಶ ನೋಡಲಿಲ್ಲ.