ನೂಲಿಲ್ಲದ ಮಗ್ಗದ ಸದ್ದು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮಗ್ಗ ಸುಮ್ಮನಾಯಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಅಮಾವಾಸ್ಯೆಯ ದಿನ ಬೀದಿಗೆ ಬೀದಿಯೇ ಮೌನವಾಗಿರುತ್ತದೆ, ಆ ಮಾತು ಬೇರೆ. ಉಳಿದ ದಿನಗಳಲ್ಲಿ ಯಾವುದೋ ಒಂದು ಮನೆಯ ಮಗ್ಗ ಮಾತ್ರ ದನಿ ಎತ್ತದಿದ್ದರೆ, ಕಾಫಿ ಕುಡಿಯುವ ಹೊತ್ತಿಗೆ ಬಾಗಿಲಿಗೆ ಜನ ಬಂದು, "ಯಾರು ಓದ್ರು?" ಎಂದು ಕೇಳುತ್ತಾರೆ.

ಚೌಡೇಶನ ಮಗ್ಗ ಹೆಚ್ಚು ದಿನ ಸುಮ್ಮನಿರಲಿಲ್ಲ. ಅವನ ಅಣ್ಣ ರಂಗರಾಜು ತೀರಿಕೊಂಡು, ಸೂತಕ ಕಳೆದು, ಮನೆಗೆ ಪುಣ್ಯಾಹವಾದ ಮರುದಿನವೇ ಅದು ಎಂದಿನಂತೆ ಬಡಿಯತೊಡಗಿತು. ಚೌಡೇಶ ಮಗ್ಗದ ಕೋಣೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದ. ದುಃಖದಲ್ಲಿರುವವನು, ಒಬ್ಬನೇ ಇರಲಿ ಎಂದು ಹೆಂಡತಿ ಪುಷ್ಪ ಬಿಟ್ಟುಬಿಟ್ಟಿದ್ದಳು. ಒಲೆಯ ಮುಂದೆ ಕೂತು ಆ ಸದ್ದನ್ನು ಕೇಳುತ್ತ, ತಾಯಿ ಚೌಡೇಶ್ವರಿ ಕೈಬಿಡಲಿಲ್ಲ ಎಂದು ಸಮಾಧಾನಪಡುತ್ತಿದ್ದಳು. ಪಕ್ಕದ ಮನೆಯ ಕೆಂಪಾಜಮ್ಮನೂ ಗೋಡೆಯಾಚೆಯಿಂದ, "ನಿನ್ ಗಂಡ ಗಟ್ಟಿಗ ಕಣವ್ವ, ಕುಗ್ಗನಿಲ್ಲ" ಎಂದು ಹೊಗಳಿದ್ದಳು.

ಒಂದು ಮಧ್ಯಾಹ್ನ ಅಗುಳಿ ಬಿದ್ದಿರಲಿಲ್ಲ. ಕಸ ಗುಡಿಸಲೆಂದು ಪುಷ್ಪ ಬಾಗಿಲು ದೂಡಿದಳು. ಚೌಡೇಶ ಮಗ್ಗದ ಕೆಳಗಿನ, ಕಾಲು ಇಳಿಬಿಡುವ ಕುಳಿಯಲ್ಲಿ ಕೂತು ಹಲಗೆಯನ್ನು ಎಳೆದು ಎಳೆದು ಬಡಿಯುತ್ತಿದ್ದ. ಮಗ್ಗದ ಮೇಲೆ ಒಂದೆಳೆ ನೂಲೂ ಇರಲಿಲ್ಲ.

ನೇಕಾರರಲ್ಲದ ಓದುಗರಿಗಾಗಿ ಒಂದು ಮಾತು ಹೇಳಬೇಕು. ಸೀರೆ ಮುಗಿದಾಗ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಹಾಸಿನ, ಎಂದರೆ ಉದ್ದನೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಳ್ಳುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದು ಹೊಸದನ್ನು ಕೈಹಿಡಿದು ಒಳಗೆ ಕರೆತರುತ್ತದೆ. ತಾತ ಹೂಡಿದ ಮಗ್ಗದಲ್ಲಿ ಮೊಮ್ಮಗ ನೇಯುವಾಗಲೂ ಆ ಸಾಲು ಕಡಿದಿರುವುದಿಲ್ಲ. ಚೌಡೇಶ ಆ ತುದಿಗಳನ್ನೆಲ್ಲ ಕಿತ್ತೆಸೆದಿದ್ದ. ಬೀದಿಗೆ ಸದ್ದು ಕೇಳಿಸಿದರೆ ಸಾಕೆಂದು ಬರಿಯ ಮರವನ್ನು ಬಡಿಯುತ್ತಿದ್ದ.

"ಇದೇನು ಮಾಡ್ತಿದ್ದೀರಿ ನೀವು?"

"ನೇಯ್ತಿದ್ದೀನಿ" ಎಂದ ಅವನು, ತಲೆ ಎತ್ತದೆ.

ಈ ಸಂಗತಿಯನ್ನು ಪುಷ್ಪ ನನಗೆ ಹೇಳಿದ್ದು ಒಂದು ಕಾರ್ತಿಕ ಸೋಮವಾರ, ಗುಡಿಯಲ್ಲಿ ನನ್ನ ಪ್ರವಚನ ಮುಗಿದ ಮೇಲೆ, ದೀಪದ ಕಂಬವನ್ನು ಹಿಡಿದು ನಿಂತುಕೊಂಡು. ಮುಂದೆ ನಡೆದದ್ದನ್ನು ಗಂಡ ಹೆಂಡಿರಿಬ್ಬರ ಬಾಯಲ್ಲೂ ಕೇಳಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಣ್ಣ ತಮ್ಮ ಇಬ್ಬರೂ ಒಂದೇ ಮಗ್ಗದವರು. ಅಗಲವಾದ ಅಂಚಿನ ರೇಷ್ಮೆ ಸೀರೆಗೆ ಎರಡಾಳು ಬೇಕು. ಚೌಡೇಶ ಒಡಲು ನೇಯುತ್ತಿದ್ದ, ರಂಗರಾಜು ಎಡಕ್ಕೆ ಕೂತು ಅಂಚಿನ ಲಾಳಿ ಕೊಡುತ್ತಿದ್ದ. ಮೀಸೆ ಮೂಡದ ಪ್ರಾಯದಿಂದ ತಲೆ ನರೆಯುವವರೆಗೆ ಭುಜಕ್ಕೆ ಭುಜ ತಾಗಿಸಿ ಕೂತವರು. ಮದುವೆಯ ಮಾತು, ಮಕ್ಕಳ ಮಾತು, ಮನಸ್ತಾಪ, ಎಲ್ಲವೂ ಅಲ್ಲೇ ನಡೆಯುತ್ತಿತ್ತು. ಇಬ್ಬರ ಕಣ್ಣೂ ಬಟ್ಟೆಯ ಮೇಲೆ. ಮುಖ ನೋಡಿ ಮಾತಾಡುವ ವಾಡಿಕೆ ಅವರಿಗೆ ಇರಲೇ ಇಲ್ಲ.

ಪುಷ್ಪ ಮೊದಲು ಮಾಡಿದ್ದು ನಮ್ಮ ಸೀಮೆಯ ತಾಯಂದಿರೆಲ್ಲ ಮಾಡುವುದನ್ನೇ. ಗಾಳಿಸೋಕು ಹೋಗಲೆಂದು ತಡೆ ಹೊಡೆಸಿದಳು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತಳು. ಹರಕೆ ಹೊರಬೇಡಿ ಎಂದು ಈ ನಾಲಿಗೆ ಎಂದೂ ಹೇಳದು. ಆದರೆ ಮಾದಪ್ಪ ಔಷಧವನ್ನೂ ಸೃಷ್ಟಿಸಿದ್ದಾನೆ, ಔಷಧ ಕೊಡುವವರನ್ನೂ ಸೃಷ್ಟಿಸಿದ್ದಾನೆ. ಅವರನ್ನು ಹುಡುಕಿಕೊಂಡು ಹೋಗುವುದೂ ಹರಕೆಯ ಒಂದು ಭಾಗವೇ ಎಂದು ಆಕೆಗೆ ಹೇಳಿದೆ.

ಹುಡುಕಾಟ ಸುಲಭವಾಗಿರಲಿಲ್ಲ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ವೈದ್ಯರು ಗುಳಿಗೆ ಬರೆದುಕೊಟ್ಟು, ಮಾತಾಡಿಸುವವರ ಬಳಿಗೆ ಕಳುಹಿಸಿದರು. ಗಾಜಿನ ಕೋಣೆಯಲ್ಲಿ ಒಬ್ಬ ಯುವಕ ಎದುರು ಕೂತು, ದುಃಖಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ. ಚೌಡೇಶ ಏಳು ಎಂದ. ಮುಂದಿನ ಸಲವೂ ಏಳೇ. ಬಸ್ಸಿನಲ್ಲಿ ಪುಷ್ಪ, "ಯಾಕೆ ಏಳು ಅಂತಲೇ ಏಳ್ತೀರಿ?" ಎಂದಳು.

"ಕಮ್ಮಿ ಏಳಿದ್ರೆ ನಂಬಕಿಲ್ಲ, ಜಾಸ್ತಿ ಏಳಿದ್ರೆ ಬಿಡಕಿಲ್ಲ."

ಆ ವರ್ಷ ಅವನ ಬಾಯಿಂದ ಬಂದ ನಗೆಮಾತು ಅದೊಂದೇ. ಪುಷ್ಪಳಿಗೆ ನಗಲಾಗಲಿಲ್ಲ.

ಆಮೇಲೆ ಊರಿನಲ್ಲೇ ಒಬ್ಬ ಹಿರಿಯರು ಸಿಕ್ಕರು. ಒಳ್ಳೆಯ ಮನುಷ್ಯ, ಆದರೆ ಮಾತೆಲ್ಲ ಅವರದೇ. ಮುಂಜಾನೆ ಬೇಗ ಏಳಿ, ಕೈಗೊಂದು ಕೆಲಸ ಇಟ್ಟುಕೊಳ್ಳಿ, ಮನಸ್ಸು ತಾನೇ ಹಗುರಾಗುತ್ತದೆ ಎಂದರು. ಕೋಳಿಗಿಂತ ಮೊದಲೇ ಎದ್ದು ಮರ ಬಡಿಯುವವನು ತಲೆಯಾಡಿಸಿ ಎದ್ದುಬಂದ. "ನಂಗೆ ಆಗಕಿಲ್ಲ ಕಣೆ. ಎದುರಿಗೆ ಕುಂತು ಮಕ ನೋಡ್ತಾರೆ. ಮಕ ನೋಡುದ್ರೆ ಗಂಟ್ಲು ಕಟ್ಟೋಯ್ತದೆ" ಎಂದ. ಅದು ಸಬೂಬು ಎಂದುಕೊಂಡಳು ಅವಳು.

ಮೂರನೆಯ ಪ್ರಯತ್ನ ಯಳಂದೂರಿನಲ್ಲಿ. ಒಂದು ಸಂಸ್ಥೆಯವರು ಬಾಡಿಗೆ ಮನೆಯಲ್ಲಿ ಸಣ್ಣ ಕೇಂದ್ರವೊಂದನ್ನು ನಡೆಸುತ್ತಿದ್ದರು. ಆಪ್ತಸಮಾಲೋಚಕಿ ಲಿಖಿತಾ ಎಂಬ ಹೆಣ್ಣುಮಗಳು, ಅಲ್ಲೇ ಮಾಂಬಳ್ಳಿಯವಳು. ಮೊದಲೆರಡು ಭೇಟಿಗಳಲ್ಲಿ ಅಲ್ಲೂ ಅದೇ ಮೇಜು, ಅದೇ ಎದುರು ಕುರ್ಚಿ, ಅದೇ ಮೌನ. ಮುಂದಿನ ಸಲ ಕರೆಂಟು ಹೋಯಿತು. ಕೋಣೆ ಕತ್ತಲಾಯಿತು, ಸೆಕೆ. "ಜಗುಲಿ ಮೇಲೆ ಕೂರೋಣ ಬನ್ನಿ ಸಾರ್" ಎಂದು ಲಿಖಿತಾ ಬೆಂಚನ್ನು ಹೊರಗೆ ಹಾಕಿಸಿದಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತರು. ಎದುರುಮನೆಯ ಎಮ್ಮೆ ಮೆಲುಕು ಹಾಕುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಅವತ್ತು ಅಣ್ಣ ಲಾಳಿ ತಡ ಮಾಡ್ತಿದ್ದ" ಎಂದ ಚೌಡೇಶ, ಎಮ್ಮೆಗೆ ಹೇಳುವವನಂತೆ.

ಲಿಖಿತಾ ತಿರುಗಿ ನೋಡಲಿಲ್ಲ. ಆ ಮಗುವಿಗೆ ಆ ತಿಳಿವಳಿಕೆಯನ್ನು ಕೊಟ್ಟ ತಾಯಿಗೆ ನಮಸ್ಕಾರ.

"ನಾನು ಬೈದೆ. ಏನ್ಲಾ ಅಣ್ಣ, ನಿದ್ದೆ ಮಾಡ್ತಾ ಇದ್ದೀಯಾ ಅಂದೆ. ಇನ್ನೂ ತಡ ಮಾಡ್ದ. ಮುದುಕ ಆದೆ ನೀನು, ಬೇರೆಯವ್ರನ್ನ ಕೂರುಸ್ತೀನಿ ಅಂದೆ. ಅವ್ನು ಊಂ ಅಂದ, ಅಷ್ಟೇಯ. ಲಾಳಿ ಬರಲೇ ಇಲ್ಲ. ಆಗ ತಿರುಗಿ ನೋಡ್ದೆ." ಎಮ್ಮೆಯಿಂದ ಕಣ್ಣು ತೆಗೆಯದೆ, "ಮಕ ನೋಡಿದ್ರೆ ಗೊತ್ತಾಗೋದು ಮೇಡಮ್. ಬೆವ್ರು ಸುರೀತಿತ್ತು. ಪಕ್ಕದಲ್ಲೇ ಇದ್ದೆ, ಮಕ ನೋಡ್ನಿಲ್ಲ" ಎಂದ.

ರಂಗರಾಜುವಿನದು ಎದೆನೋವು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ಅಂದಿನಿಂದ ಕರೆಂಟಿದ್ದರೂ ಅವರ ಭೇಟಿ ಜಗುಲಿಯ ಮೇಲೆಯೇ. ಚೌಡೇಶ ಅತ್ತ, ಸಿಟ್ಟಾದ, ಒಮ್ಮೆ ಲಿಖಿತಳಿಗೇ ಬೈದ. ಮನೆಗೆ ಬಂದು ಉಂಡ. ಮರ ಬಡಿಯುವುದು ನಿಲ್ಲಲಿಲ್ಲ, ಆದರೆ ಅಗುಳಿ ಹಾಕಿಕೊಳ್ಳುವುದನ್ನು ಬಿಟ್ಟ. ನಾವು ಗುಡಿಯಲ್ಲಿ ಗರ್ಭಗೃಹದ ನೇರಕ್ಕೆ ನಿಲ್ಲುವುದಿಲ್ಲ, ಒಂದು ಬದಿಗೆ ಸರಿದು ಕೈಮುಗಿಯುತ್ತೇವೆ. ದೇವಿಯ ದೃಷ್ಟಿಯನ್ನು ನೇರವಾಗಿ ತಾಳುವ ಶಕ್ತಿ ನಮಗಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಬೆಂದ ಜೀವಕ್ಕೆ ಮನುಷ್ಯರ ದೃಷ್ಟಿಯೂ ಹಾಗೆಯೇ ಇದ್ದೀತು.

ಮಳೆಗಾಲ ಹಿಡಿಯುವಷ್ಟರಲ್ಲಿ ಕೇಂದ್ರವನ್ನು ಮುಚ್ಚುತ್ತೇವೆಂದು ಸಂಸ್ಥೆಯವರು ಹೇಳಿಬಿಟ್ಟರು. ಲಿಖಿತಳಿಗೆ ದೂರದ ಜಿಲ್ಲೆಯಲ್ಲಿ ಕೆಲಸವಾಯಿತು. ಕೊನೆಯ ದಿನ ಅವಳು, "ಕೊಳ್ಳೇಗಾಲದಲ್ಲೇ ನನಗೆ ಗೊತ್ತಿರೋರೊಬ್ಬರು ಇದ್ದಾರೆ ಸಾರ್. ನೀವು ಮೊದಲಿಂದ ಹೇಳೋದು ಬೇಡ. ಬೇಕಾದರೆ ಇದುವರೆಗಿನದನ್ನ ನಾನೇ ಅವರಿಗೆ ತಿಳಿಸಿರ್ತೀನಿ, ಆಗಬಹುದಾ?" ಎಂದಳು.

"ಕೆಚ್ಚಿಕೊಡ್ತೀರಾ" ಎಂದ ಚೌಡೇಶ. ಅವಳಿಗೆ ಆ ಮಾತು ತಿಳಿಯಲಿಲ್ಲ. ಪುಷ್ಪಳಿಗೆ ತಿಳಿಯಿತು. ಅವನು ಒಪ್ಪಿದ್ದಾನೆ ಎಂದು ಅವಳೇ ಹೇಳಿದಳು. ಅಂದು ಬಸ್ಸಿನಲ್ಲಿ ಬರುವಾಗ ಅವಳ ಎದೆಯಲ್ಲಿ ಭಯವಿತ್ತು, ಒಂದು ಸಣ್ಣ ಆಸೆಯೂ ಇತ್ತು.

ಆದರೆ ಆ ಎಳೆ ನಿಲ್ಲಲಿಲ್ಲ. ಹೊಸಬರು ಸಭ್ಯರೇ. ಲಿಖಿತಾ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಕೂತಿದ್ದರು. ಕೂತಿದ್ದು ಎದುರಿಗೆ. ಚೌಡೇಶ ಬಾಗಿಲಲ್ಲೇ ನಿಂತು, "ಸಾ, ಕುರ್ಚಿ ಈ ಪಕ್ಕಕ್ಕೆ ಆಕ್ಕತೀರಾ?" ಎಂದ. ಬಾಯಿಬಿಟ್ಟು ತನಗೆ ಬೇಕಾದುದನ್ನು ಅವನು ಕೇಳಿದ್ದು ಅದೇ ಮೊದಲು. ಅವರು ನಕ್ಕು, "ಮೊದಲು ಕೂತ್ಕೊಳ್ಳಿ, ಅದಕ್ಕೇನಂತೆ, ನಿಧಾನಕ್ಕೆ ನೋಡೋಣ" ಎಂದು, ಅವನ ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ಅಣ್ಣ ಹೋಗಿದ್ದಕ್ಕೆ ನೀವು ಕಾರಣರಲ್ಲ" ಎಂದುಬಿಟ್ಟರು.

ಮಾತು ನಿಜವೇ ಇರಬಹುದು. ಆದರೆ ಅದನ್ನು ಅವನ ಮುಖಕ್ಕೆ ಹಿಡಿದರು. ಚೌಡೇಶ ಮೆಟ್ಟು ಹಾಕಿಕೊಂಡು ಹೊರಟುಬಿಟ್ಟ. ಮನೆಯ ಹೊಸ್ತಿಲಲ್ಲಿ, "ಇನ್ನೊಬ್ರತ್ರ ನನ್ನ ಕರ್ಕಂಡು ಓಗ್ಬ್ಯಾಡ ಪುಷ್ಪ" ಎಂದ.

ಮರುದಿನ ಬೆಳಿಗ್ಗೆ ಮಗ್ಗ ಬಡಿಯಲಿಲ್ಲ.

ಪುಷ್ಪ ಒಲೆಯ ಮುಂದಿನಿಂದ ಎದ್ದು ಓಡಿದಳು. ಅಷ್ಟು ಸಣ್ಣ ಮನೆಯಲ್ಲಿ ಆ ಕೋಣೆ ಅಷ್ಟು ದೂರ ಎಂದು ತನಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ಹೇಳಿದಳು. ಚೌಡೇಶ ಕುಳಿಯಲ್ಲಿ ಕೂತಿದ್ದ. ಉಸಿರಾಡುತ್ತಿದ್ದ. ಕೈ ತೊಡೆಯ ಮೇಲಿತ್ತು.

"ಇವತ್ತು ಸುಳ್ಳು ಬಡಿಯಕ್ಕೆ ಮನ್ಸಿಲ್ಲ" ಎಂದ.

ಪುಷ್ಪ, ಭಾವ ತೀರಿದ ಮೇಲೆ ಯಾರೂ ಕೂರದೆ ಬಿಟ್ಟಿದ್ದ ಎಡಗಡೆಯ ಜಾಗದಲ್ಲಿ ಇಳಿದು ಕೂತಳು. ಇಬ್ಬರೂ ಬರಿಯ ಮಗ್ಗವನ್ನು ನೋಡುತ್ತ ಕೂತರು. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ.

ಕೆಂಪಾಜಮ್ಮ ಬಾಗಿಲಿಗೆ ಬಂದಳು. "ಪುಷ್ಪಾ, ಮಗ್ಗ ಯಾಕವ್ವ ಸದ್ದಿಲ್ಲ? ಯಾರು ಓದ್ರು?"

ಇಷ್ಟು ದಿನ ಈ ಪ್ರಶ್ನೆಯೊಂದನ್ನು ತಪ್ಪಿಸಿಕೊಳ್ಳಲೆಂದೇ ಆ ಮನೆ ಮರ ಬಡಿದಿತ್ತು. ಪುಷ್ಪ ಕೂತಲ್ಲಿಂದಲೇ, "ಯಾರೂ ಓಗಿಲ್ಲ ಅಕ್ಕ. ಇವ್ರಿಗೆ ಮನಸ್ಸಿಗೆ ಉಸಾರಿಲ್ಲ. ತೋರಿಸ್ತಾ ಇದ್ದೀವಿ. ಸರಿಯಾದೋರು ಇನ್ನೂ ಸಿಕ್ಕಿಲ್ಲ" ಎಂದಳು.

ಕೆಂಪಾಜಮ್ಮ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಅವಳ ಗಂಡ ನಿದ್ದೆಯಲ್ಲೇ ಎದೆ ನಿಂತು ಹೋದನೆಂದು ಬೀದಿಯೆಲ್ಲ ನಂಬಿತ್ತು.

"ನಮ್ಮೋರ್ಗೂ ಇದೇಯ ಆಗಿದ್ದು" ಎಂದಳು. "ತಾವಾಗೇ ಜೀವ ಕಳ್ಕಂಡು ಓದ್ರು. ಎದೆನೋವು ಅಂತ ನಾವು ಏಳ್ದೋ. ಅದ್ಕೂ ಮುಂಚೆ ವರ್ಸಗಟ್ಲೆ ಮಂಕಾಗಿದ್ರು, ಯಾರ್ಗೂ ತೋರಿಸ್ನಿಲ್ಲ. ಬೀದಿ ಏನಂದಾತು ಅಂತ."

ಚೌಡೇಶ ತಿರುಗಲಿಲ್ಲ. ಮಗ್ಗವನ್ನು ನೋಡುತ್ತಲೇ ಇದ್ದ. ಆಮೇಲೆ ಮೆಲ್ಲಗೆ, "ಅಕ್ಕ, ಒಳೀಕೆ ಬನ್ನಿ. ಅಲ್ಲಿ ಬ್ಯಾಡ, ಎದುರಿಗೆ ನಿಂತ್ಕಬ್ಯಾಡಿ. ಈ ಕಡೆ ಬಂದು ಕುಂತ್ಕಳಿ" ಎಂದ.

ಆ ಮುದುಕಿ ಬಂದು ಅವನ ಬಲಕ್ಕೆ, ನೆಲದ ಮೇಲೆ ಕೂತಳು.

ಇದರಿಂದ ಅವನು ಗುಣವಾದನೆಂದು ಬರೆದರೆ ನನ್ನ ದೇವರು ನನ್ನನ್ನು ಕ್ಷಮಿಸಲಾರ. ಅವನು ಗುಣವಾಗಿಲ್ಲ. ಮಗ್ಗಕ್ಕೆ ನೂಲು ಏರಿಲ್ಲ. ಗುಳಿಗೆ ನುಂಗುತ್ತಾನೆ, ಕೆಲವು ದಿನ ಅದನ್ನೂ ಬೇಡವೆನ್ನುತ್ತಾನೆ. ಹನೂರಿನಲ್ಲಿ ಮಾತಾಡಿಸುವವರೊಬ್ಬರು ಇದ್ದಾರೆಂದು ಕೆಂಪಾಜಮ್ಮ ಕೇಳಿಕೊಂಡು ಬಂದಿದ್ದಳು, ಮೂವರೂ ಹೋಗಿಬಂದರು, ಅವರೂ ಒಗ್ಗಲಿಲ್ಲ. ಪುಷ್ಪ ಗುಡಿಗೆ ಬಂದಾಗ ಕಂಬ ಹಿಡಿದೇ ನಿಲ್ಲುತ್ತಾಳೆ. ನಾನು ಪ್ರಾರ್ಥಿಸುತ್ತೇನೆ, ಮನೆಗೆ ಹೋಗಿ ನಿದ್ದೆ ಬಾರದೆ ಮತ್ತೆ ಪ್ರಾರ್ಥಿಸುತ್ತೇನೆ.

ಮತ್ತೆ ಯಾರ ಬಳಿಗೂ ಕರೆದುಕೊಂಡು ಹೋಗಬೇಡ ಎಂದಿದ್ದನಲ್ಲ, ಆ ಮಾತನ್ನು ಮಾತ್ರ ಅವನು ಮತ್ತೆ ಆಡಿಲ್ಲ. ಹನೂರಿನ ಬಾಗಿಲಲ್ಲೂ ಒಳಗೆ ಕಾಲಿಡುವ ಮೊದಲು ಕೇಳಿದನಂತೆ: "ಕುರ್ಚಿ ಪಕ್ಕಕ್ಕೆ ಆಕ್ಕತೀರಾ?"