ದೇವರೆದುರು ನಾಲ್ಕು ಜೊತೆ ಚಪ್ಪಲಿ

ಮಗಳ ಶಾಲೆಯ ಕಾರಿಡಾರಿನ ಗೋಡೆಯ ಮೇಲೆ ನನ್ನದೊಂದು ಫೋಟೋ ಇದೆ. ಹಸಿರು ರೇಷ್ಮೆ ಸೀರೆಯುಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬಿಡಿಸುತ್ತಿದ್ದೇನೆ. ಸುತ್ತ ನಿಂತ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದಾರೆ. ಪೋಷಕರ ಸಭೆಗೆ ಹೋದಾಗಲೆಲ್ಲ ಮೊಬೈಲಿನಲ್ಲಿ ಏನೋ ಹುಡುಕುವವಳಂತೆ ನಟಿಸುತ್ತ ಆ ಗೋಡೆ ದಾಟಿಬಿಡುತ್ತೇನೆ. ಆ ಹೆಂಗಸಿನ ಮುಖ ನೋಡಲು ನನಗೆ ನಾಚಿಕೆ.

ಶಾಲೆ ಇರುವುದು ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ. ಅರ್ಧ ಪಾಠ ಇಂಗ್ಲಿಷಿನಲ್ಲಿ, ಅರ್ಧ ಸ್ಪ್ಯಾನಿಷಿನಲ್ಲಿ. ನಾವಿರುವುದು ನಗರದಾಚೆಯ ಪುಚೊಂಗ್‌ನಲ್ಲಿ, ನನ್ನ ಗಂಡ ಉಡುಪಿ ಬಿಟ್ಟು ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಗೆ ಸ್ಪ್ಯಾನಿಷ್ ಬೇರೆ ಕೇಡು ಎಂದು ನಾನು ಗೊಣಗಿದ್ದೆ. ಮೊದಲ ವರ್ಷ ಅವಳು ಅಲ್ಲಿ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಿದ್ದಳಂತೆ. ಎರಡನೆಯ ವರ್ಷ ಸ್ಪೇನಿನ ಒಬ್ಬ ಹುಡುಗಿ ಅವಳ ಪಕ್ಕ ಬಂದು ಕೂತಳು. ಆಮೇಲೆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳದೇ ಜಪ.

ಆ ವರ್ಷ ಶಾಲೆಯಲ್ಲಿ ಸಂಸ್ಕೃತಿ ವಿನಿಮಯದ ದಿನ ಬಂತು. ಮೈಕ್ ಸಿಕ್ಕರೆ ಬಿಡುವವಳಲ್ಲ ನಾನು. ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಹೆಜ್ಜೆ ಬಿಡಿಸಿದರೆ ಅಷ್ಟಮಿಯ ದಿನ ಕೃಷ್ಣ ನಡೆದುಕೊಂಡೇ ಒಳಗೆ ಬರುತ್ತಾನೆ, ಮನೆಗೆ ಬಂದವರನ್ನೂ ನಾವು ಹಾಗೆಯೇ ಬರಮಾಡಿಕೊಳ್ಳುತ್ತೇವೆ ಎಂದೆಲ್ಲ ಕೊರೆದೆ. ನನ್ನ ನಂತರ ಆ ಸ್ಪೇನಿನ ಹುಡುಗಿಯ ಅಜ್ಜಿ ವೇದಿಕೆ ಹತ್ತಿದರು. ಏಸು ಹುಟ್ಟಿದಾಗ ಕಾಣಿಕೆ ಹೊತ್ತು ಬಂದ ಮೂರು ರಾಜರ ಹೆಸರಿನ ತಮ್ಮ ಊರಿನ ಹಬ್ಬದ ಬಗ್ಗೆ ಅವರು ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ನಾನು ಒಂದು ಮಾತೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನನ್ನ ಫೋಟೋಗಳನ್ನು ಊರಿನ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೆ. ವಿನಿಮಯ ಅಂದರೆ ನಾನು ಹೇಳುವುದು, ಉಳಿದವರು ಕೇಳುವುದು ಎಂದುಕೊಂಡಿದ್ದೆನೋ ಏನೋ.

ವಿನಿಮಯದ ಇನ್ನೊಂದು ಭಾಗವೂ ಇತ್ತು. ಒಂದೊಂದು ಹಬ್ಬಕ್ಕೆ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಒಂದು ದಿನ ಉಳಿದುಕೊಳ್ಳಬೇಕು. ಕ್ರಿಸ್‌ಮಸ್‌ಗೆ ನನ್ನ ಮಗಳು ಅವರ ಮನೆಗೆ ಹೋದಳು. ನಾನು ಎರಡೆರಡು ಸಲ ಫೋನ್ ಮಾಡಿ, "ಯಾವ ಪಾತ್ರೆಯಲ್ಲಿ ಮಾಡಿದ್ದಾರೆ ಕೇಳಿದ್ಯಾ? ಮಾಂಸ ಬೇಯಿಸಿದ್ದಲ್ಲ ಅಲ್ವಾ?" ಎಂದು ವಿಚಾರಿಸಿದೆ. ಅಜ್ಜಿ ನನ್ನ ಮಗಳಿಗೆಂದೇ ಹೊಸ ಬಾಣಲೆ ತಂದಿದ್ದರಂತೆ. ಅದರ ಚೀಟಿಯನ್ನು ಅವಳೆದುರೇ ಕಿತ್ತು, ಅವಳ ಪಲ್ಯವನ್ನು ಎಲ್ಲರಿಗಿಂತ ಮೊದಲು ಬೇಯಿಸಿದರಂತೆ. ಕೇಳಿ ನನಗೆ ಸಮಾಧಾನವಾಯಿತು. ಅಷ್ಟೇ, ಸಮಾಧಾನ. ಅದು ನಮಗೆ ಸಲ್ಲಬೇಕಾದದ್ದೇ ಎಂಬಂತೆ.

ಜನವರಿ ಐದಕ್ಕೆ, ಆ ರಾಜರ ಹಬ್ಬದ ಮುನ್ನಾದಿನ, ಆ ಹುಡುಗಿ ನಮ್ಮ ಮನೆಗೆ ಬರುವುದಿತ್ತು. ಹಿಂದಿನ ದಿನ ನಾನು ಒಗ್ಗರಣೆ ಹಾಕುತ್ತಿದ್ದಾಗ ಮಗಳು ಬೆನ್ನ ಹಿಂದೆ ನಿಂತು ಏನೇನೋ ಹೇಳಿದಳು. ರಾಜರು, ಒಂಟೆ, ಶೂ ಎಂದು ಕಿವಿಗೆ ಬಿದ್ದದ್ದು ನಿಜ. ಗೊತ್ತೇ ಇರಲಿಲ್ಲ ಎಂದು ಹೇಳುವ ಹಾಗಿಲ್ಲ. "ಆಯ್ತು, ಆಯ್ತು" ಎಂದೆ. "ಡ್ರಾಮಾ ಮಾಡ್ಬೇಡ ಅಮ್ಮಾ, ಪ್ಲೀಸ್ ಲಾ. ಶೀ ಈಸ್ ಮೈ ಓನ್ಲಿ ಫ್ರೆಂಡ್," ಎಂದಳು ಮಗಳು. ಅದಕ್ಕೂ ಆಯ್ತು ಎಂದೆ.

ಹುಡುಗಿ ಬಾಗಿಲಲ್ಲೇ "ಊಟ ಆಯ್ತಾ ಆಂಟಿ?" ಎಂದು ಕೇಳಿ ನಗಿಸಿದಳು, ಮಗಳು ಕಲಿಸಿದ್ದು. ಮಧ್ಯಾಹ್ನ ಕೈಯಲ್ಲೇ ಕಲಸಿ ಸಾರನ್ನ ಉಂಡಳು, ಕೋಸಂಬರಿ ಇನ್ನೊಮ್ಮೆ ಹಾಕಿಸಿಕೊಂಡಳು. ಇಂಥ ಮಗು ಪುಣ್ಯ ಮಾಡಿದವರಿಗೆ ಸಿಗುತ್ತದೆ ಎಂದು ಗಂಡನ ಹತ್ತಿರ ಪಿಸುಗುಟ್ಟಿದೆ. ಸಂಜೆ ಅವಳು ಹಳೆಯ ಪೇಪರ್ ಕೇಳಿದಳು, ಕೊಟ್ಟೆ. ಇಬ್ಬರೂ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಗುಸುಗುಸು ನಡೆಸಿದ್ದರು. ನಾನು ಇನ್ನೊಂದು ಬಚ್ಚಲಲ್ಲಿ ಸ್ನಾನ ಮುಗಿಸಿ, ದೀಪ ಹಚ್ಚಲು ಹಾಲಿಗೆ ಬಂದೆ.

ನಮ್ಮ ದೇವರು ಇರುವುದು ಹಾಲಿನ ಮೂಲೆಯ ಒಂದು ಕಪಾಟಿನಲ್ಲಿ. ಅದರೆದುರು ಪೇಪರ್ ಹಾಸಿ ನಾಲ್ಕು ಜೊತೆ ಚಪ್ಪಲಿ ಸಾಲಾಗಿ ಇಟ್ಟಿದ್ದರು. ಅವಳದು, ಮಗಳದು, ಗಂಡನ ಕಾಲೇಜಿನ ಶೂ, ಕೊನೆಗೆ ನನ್ನ ಸವೆದ ಚಪ್ಪಲಿ. ಪಕ್ಕದಲ್ಲಿ ಒಂದು ಲೋಟ ಹಾಲು, ಒಂದು ಬಟ್ಟಲು ನೀರು.

"ಎಂತದು ಇದು? ದೇವರ ಎದುರು ಚಪ್ಪಲಿ! ಅಯ್ಯೋ, ತೆಗೀರಿ, ತೆಗೀರಿ ಮೊದ್ಲು!" ಎಂದು ಕಿರುಚಿದೆ. ಅವರು ತೆಗೆಯುವವರೆಗೆ ಕಾಯಲೂ ಇಲ್ಲ. ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿಕೊಂಡು ತಂದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಸುತ್ತಿಕೊಂಡು, ಎಂಟನ್ನೂ ಎತ್ತಿ, ಮುಂಬಾಗಿಲಾಚೆಯ ರ‍್ಯಾಕಿಗೆ ಎಸೆದೆ. ಹಾಲನ್ನು ಸಿಂಕಿಗೆ ಚೆಲ್ಲಿದೆ. ಅಲ್ಲಿಗೂ ನಿಲ್ಲಿಸಲಿಲ್ಲ. ನೀರಿಗೆ ಅರಿಸಿನ ಹಾಕಿ ತಂದು, ಆ ಹುಡುಗಿಯ ಕಣ್ಣೆದುರೇ, ಅವಳು ಕೂತಿದ್ದ ಜಾಗವನ್ನೂ ಸೇರಿಸಿ ನೆಲ ಒರೆಸಿದೆ. ಅವಳು ಗೋಡೆಗೆ ಅಂಟಿಕೊಂಡು ನಿಂತು, "ಸಾರಿ ಆಂಟಿ," ಎಂದಳು. ಅವಳ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು.

ಆಗ ನನ್ನ ಮಗಳು ಕನ್ನಡದಲ್ಲಿ ಮಾತಾಡಿದಳು. ಒಂದೊಂದೇ ಪದ ಹುಡುಕಿ, ಮೆಲ್ಲಗೆ, ಗೆಳತಿಗೆ ಅರ್ಥವಾಗಬಾರದು ಎಂದೇ.

"ಅಮ್ಮಾ, ಅದು ಗಲೀಜಿಲ್ಲ. ಅವಳು ತೊಳೆದ್ಲು. ಎಲ್ಲಾರ್ದೂ. ನಿನ್ ಚಪ್ಪಲಿ ಟೂತ್‌ಬ್ರಶಲ್ಲಿ ತೊಳೆದ್ಲು. ರಾಜರು ರಾತ್ರಿ ಬಂದು ಅದ್ರಲ್ಲಿ ಗಿಫ್ಟ್ ಇಡ್ತಾರೆ. ಆ ನೀರು ಒಂಟೆಗೆ."

"ಅದಕ್ಕೆ ದೇವರ ಎದುರೇ ಬೇಕಿತ್ತಾ?"

"ನೀನೇ ಅಲ್ವಾ ಸ್ಕೂಲಲ್ಲಿ ಹೇಳಿದ್ದು, ದೇವರು ಅಲ್ಲಿಗೆ ನಡ್ಕೊಂಡ್ ಬರ್ತಾರೆ ಅಂತ? ರಾಜರಿಗೂ ಅದೇ ಜಾಗ ಒಳ್ಳೇದು ಅಂದ್ಲು ಅವಳು." ಕಪಾಟಿನತ್ತ ಕೈ ತೋರಿಸಿದಳು. "ಅಲ್ಲೂ ಇದ್ಯಲ್ಲ, ಬೆಳ್ಳೀದು."

ಇದೆ. ಅತ್ತೆ ಕೊಟ್ಟ ಗುರುಗಳ ಬೆಳ್ಳಿಯ ಪಾದುಕೆ. ದಿನಾ ಬೆಳಿಗ್ಗೆ ತೊಳೆದು, ಒರೆಸಿ, ಗಂಧ ಹಚ್ಚಿ, ಹಣೆಗೆ ಒತ್ತಿಕೊಳ್ಳುತ್ತೇನೆ. ಕ್ಷಮಿಸು ಎಂದು ಆಗಲೇ ಹೇಳಬಹುದಿತ್ತು. "ಬೇಕಾದ್ರೆ ಬಾಲ್ಕನಿಯಲ್ಲಿ ಇಟ್ಕೊಳ್ಳಿ," ಎಂದು ಅಡುಗೆಮನೆಗೆ ಹೋದೆ. ಊಟದ ನಂತರ ಹುಡುಗಿ ಕೋಣೆಯಲ್ಲಿ ಅಜ್ಜಿಯೊಡನೆ ವಿಡಿಯೋದಲ್ಲಿ ನಗುನಗುತ್ತಾ ಮಾತಾಡುವುದು ಕೇಳಿಸಿತು. ನೋಡು, ಮಕ್ಕಳು ಮರೆತೇಬಿಟ್ಟವು ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಕಸ ಹಾಕಲು ಬಾಗಿಲು ತೆಗೆದಾಗ, ರ‍್ಯಾಕಿನಲ್ಲಿ ನಾಲ್ಕೂ ಜೊತೆ ಚಪ್ಪಲಿಗಳು ನೆಟ್ಟಗೆ ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ಪೊಟ್ಟಣ. ಅಜ್ಜಿ ಮೊಮ್ಮಗಳ ಕೈಯಲ್ಲಿ ಗುಟ್ಟಾಗಿ ಕೊಟ್ಟುಕಳಿಸಿದ್ದಂತೆ. ನನ್ನ ಎಡಗಾಲಿನ ಚಪ್ಪಲಿಯಲ್ಲಿದ್ದದ್ದು ಒಂದು ಪುಟ್ಟ ಡಬ್ಬಿ, ಸ್ಪೇನಿನ ಕೇಸರಿ. ನಾನು ಹಬ್ಬದ ದಿನ ನೈವೇದ್ಯಕ್ಕೆ ಕೇಸರಿ ಹಾಕುತ್ತೇನೆ ಎಂದು ಮಗಳಿಂದ ಕೇಳಿ ತಿಳಿದು ತರಿಸಿದ್ದು. ಮುಚ್ಚಳದ ಮೇಲೆ ಆ ಹುಡುಗಿ ಡೊಂಕು ಡೊಂಕು ಕನ್ನಡದಲ್ಲಿ ಬರೆದಿದ್ದಳು: ದೇವರಿಗೆ.

ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಹುಡುಗಿ ಹೊರಡುವಾಗಲಾದರೂ ಕ್ಷಮಿಸು ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು "ಥ್ಯಾಂಕ್ಯೂ ಪುಟ್ಟಾ, ಇನ್ನೊಮ್ಮೆ ಬಾ." ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಮಗಳು ನನ್ನ ಮುಖ ನೋಡದೆ ಒಂದು ವಿಷಯ ಹೇಳಿದಳು, ಎಂದಿನಂತೆ ಇಂಗ್ಲಿಷಿನಲ್ಲಿ. ನಿನ್ನೆ ಗೆಳತಿ ಅಜ್ಜಿಗೆ ಹೇಳಿದ್ದು ಇದಂತೆ: ಆಂಟಿ ತಾವೇ ಪೇಪರ್ ಹಾಸಿ, ದೇವರೆದುರು ನಮ್ಮೆಲ್ಲರ ಶೂಗಳನ್ನು ಇಡಿಸಿ, ದೀಪ ಹಚ್ಚಿದರು.

ಆ ಕೇಸರಿ ಡಬ್ಬಿ ಇನ್ನೂ ಒಡೆಯದೆ ಇದೆ. ಚಪ್ಪಲಿಯಲ್ಲಿದ್ದದ್ದನ್ನು ನೈವೇದ್ಯಕ್ಕೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಪಾಯಸಕ್ಕೆ ಹಾಕಿ ನಾನೇ ತಿನ್ನಲು ಮುಖವಿಲ್ಲ. ಆ ಹುಡುಗಿ ಮತ್ತೆ ನಮ್ಮ ಮನೆಗೆ ಬಂದಿಲ್ಲ. ಮಗಳು ಕರೆದಿಲ್ಲ.

ಅವಳು ಬಂದುಹೋದ ಎರಡು ವಾರದ ನಂತರ ಶಾಲೆಯ ಗೇಟಿನ ಬಳಿ ಮೊಮ್ಮಗಳ ಜೊತೆ ಆ ಅಜ್ಜಿ ಸಿಕ್ಕರು. ನನ್ನ ಎರಡೂ ಕೈ ಹಿಡಿದುಕೊಂಡು ಸ್ಪ್ಯಾನಿಷಿನಲ್ಲಿ ಏನೋ ಹೇಳಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ದೂರದ ಮನೆಯಲ್ಲಿ ನಮ್ಮ ರಾಜರಿಗೆ ದೇವರ ಪಕ್ಕದ ಜಾಗ ಕೊಟ್ಟಿರಲ್ಲ ಎನ್ನುತ್ತಿದ್ದಾರೆ ಎಂದು ಮಗಳು ನೆಲ ನೋಡುತ್ತ ತಿಳಿಸಿದಳು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ನಕ್ಕು, "ಅಯ್ಯೋ, ಅದರಲ್ಲೇನಿದೆ, ನಮ್ಮಲ್ಲಿ ಇದೆಲ್ಲ ಸಹಜ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನಾನು ಹೇಳಿದ್ದೇನೆಂದು ತಿಳಿಯಲು ಅಜ್ಜಿ ನನ್ನ ಮಗಳ ಮುಖ ನೋಡಿದರು. ಅವಳು ಬ್ಯಾಗಿನ ಜಿಪ್ ಎಳೆಯುತ್ತ ನಿಂತಳು. ಕೊನೆಗೆ ಆ ಹುಡುಗಿಯೇ ನನ್ನ ಮಾತನ್ನು ಸ್ಪ್ಯಾನಿಷಿಗೆ ತಿರುಗಿಸಿ ಅಜ್ಜಿಗೆ ಹೇಳಿ, ನನ್ನತ್ತ ನೋಡಿ ನಕ್ಕಳು. ಅಜ್ಜಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅಷ್ಟರಲ್ಲಿ ನನ್ನ ಮಗಳು ಒಬ್ಬಳೇ ಕಾರಿನತ್ತ ಹೊರಟುಹೋಗಿದ್ದಳು.