ಮರಕ್ಕೆ ಕಟ್ಟಿ ಹೊಡೆದ ಹತ್ತು ಬೋರಿನ ಕೋವಿ

ಮದುವೆಯಾಗಿ ಜಾವಳಿ ಕಡೆಯ ಈ ಮನೆಗೆ ನಾನು ಬಂದಾಗ ನಡುಮನೆಯ ಗೋಡೆಯಲ್ಲಿ ಜೋಡಿ ನಳಿಗೆಯ ಹಳೆಯ ಕೋವಿಯೊಂದು ತೂಗುತ್ತಿತ್ತು. ಹತ್ತು ಬೋರಿನದು. ಬೋರಿನ ಅಂಕಿ ಚಿಕ್ಕದಾದಷ್ಟೂ ನಳಿಗೆಯ ಬಾಯಿ ದೊಡ್ಡದು ಎಂಬುದು ನನಗೆ ತಿಳಿದದ್ದೇ ಇಲ್ಲಿ. ಊರಿನ ಉಳಿದ ಕೋವಿಗಳೆಲ್ಲ ಹನ್ನೆರಡರವು. ಬಿಳಿಯ ದೊರೆಯೊಬ್ಬ ತನ್ನ ಕಾಫಿ ತೋಟ ಮಾರಿ ಹೋಗುವಾಗ ಮಾವನವರ ತಂದೆ ಕೊಂಡದ್ದಂತೆ.

ಅದಕ್ಕೆ ಕೂರುವ ತೋಟೆ ಪೇಟೆಯಲ್ಲಿ ಸಿಗುವುದು ಯಾವಾಗಲೋ ನಿಂತಿತ್ತು. ಮಾವನವರು ಬಿಟ್ಟುಹೋದ ಕೆಲವೇ ತೋಟೆಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು: ಕಾಗದದ ಮೈ, ಹಿತ್ತಾಳೆಯ ಬುಡ, ಒಳಗೆ ಕರಿಮದ್ದು. ಥಂಡಿಗೆ ಕಾಗದ ಉಬ್ಬಿದರೆ ತೋಟೆ ನಳಿಗೆಗೆ ಇಳಿಯುವುದಿಲ್ಲವೆಂದು ಡಬ್ಬಿಗೆ ಹುರಿದ ಅಕ್ಕಿ ತುಂಬಿಡುವುದು ಮನೆಯ ರೂಢಿ. ಆ ಕೆಲಸ ಅತ್ತೆಯ ಕೈಯಿಂದ ನನ್ನ ಕೈಗೆ ಬಂತು. ಆಯುಧಪೂಜೆಯ ದಿನ ಒಂದೊಂದನ್ನೂ ಒರೆಸಿ ಕೋವಿಯ ಮುಂದೆ ಇಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ, ಭತ್ತದ ತೆನೆ ಬಾಗಿದ ಹೊತ್ತಿಗೆ ಗದ್ದೆಗೆ ಹಂದಿಗಳು ನುಗ್ಗಿದವು. ಬೆದರಿಸಲು ನಮ್ಮವರು ಆ ತೋಟೆಗಳನ್ನು ಹಾಕಿ ನೋಡಿದರು. ಒಂದೂ ಸಿಡಿಯಲಿಲ್ಲ. ನನ್ನ ಅಕ್ಕಿ ಕಾಗದವನ್ನು ಕಾಪಾಡಿತ್ತೇ ಹೊರತು ಮದ್ದನ್ನಲ್ಲ. ಪಕ್ಕದ ತೋಟದವರು ತಮ್ಮ ಹನ್ನೆರಡರ ತೋಟೆಗಳನ್ನೇ ಕೊಟ್ಟು, ಬಟ್ಟೆ ಸುತ್ತಿ ತುರುಕಿದರೆ ಸರಿಯಾಗಿ ಕೂರುತ್ತದೆ ಎಂದು ಉಪಾಯ ಹೇಳಿ ಹೋದರು. ನಮ್ಮವರು ಹಳೆ ಸೀರೆಯ ತುಂಡು ಕೇಳುತ್ತಾ ಒಳಗೆ ಬಂದರು.

ರೊಟ್ಟಿ ತಟ್ಟುತ್ತಿದ್ದ ಅತ್ತೆ ತಲೆ ಎತ್ತಿದರು. "ಅದು ಕರಿಮದ್ದಿನ ಕಾಲದ ಕೋವಿ. ಹೊಸ ಮದ್ದಿನ ಜೋರು ತಡೀತದೋ ಇಲ್ವೋ. ಮೊದ್ಲು ಮರಕ್ಕೆ ಕಟ್ಟಿ ಹೊಡಿ."

ಅನುಮಾನದ ಕೋವಿಯನ್ನು ಮರಕ್ಕೆ ಬಿಗಿದು, ಬೆರಳಲ್ಲಿ ಎಳೆಯುವ ಅದರ ಕುದುರೆಗೆ ಹಗ್ಗ ಕಟ್ಟಿ ದೂರದಿಂದ ಎಳೆದು ನೋಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ನಮ್ಮವರಿಗೆ ನಾಚಿಕೆ.

"ನೋಡಿದೋರು ನಗ್ತಾರೆ ಅವ್ವ."

"ನಗ್ಲಿ ಮಾರಾಯ. ಕೈ ಹೋದ್ರೆ ಅವ್ರು ಕೊಡ್ತಾರಾ?"

ಗೊಣಗುತ್ತಲೇ ತೋಟದ ಸಿಲ್ವರ್ ಓಕ್ ಮರಕ್ಕೆ ಕೋವಿ ಬಿಗಿದರು. ಎತ್ತರದ ಮಣ್ಣಿನ ಧರೆಯ ಹಿಂದೆ ನಾವೆಲ್ಲ ಕೂತೆವು. ಹಗ್ಗ ಎಳೆದಾಗ ಬಂದ ಸದ್ದು ಕೋವಿಯ ಸದ್ದಿನ ಹಾಗಿರಲಿಲ್ಲ. ಹೋಗಿ ನೋಡಿದರೆ ಬಲ ನಳಿಗೆಯ ಬುಡ ಸಿಪ್ಪೆ ಸುಲಿದಂತೆ ಬಿರಿದಿತ್ತು. ಎಡಗೈ ಹಿಡಿಯುವ ಜಾಗದ ಮರ ಚಕ್ಕೆಯಾಗಿ ಚೆಲ್ಲಿತ್ತು. ನಮ್ಮವರು ಹಗ್ಗ ಬಿಚ್ಚಿ ಕೋವಿ ಇಳಿಸಿದರು. ಹೇಳಿರಲಿಲ್ಲವೇ ಎಂದು ಅತ್ತೆ ಆಗಲೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ರೊಟ್ಟಿ ಆರುತ್ತದೆ, ಬನ್ನಿ ಎಂದರು ಅಷ್ಟೆ.

ಆ ವರ್ಷ ಡಬ್ಬ ಬಡಿದು ಗದ್ದೆ ಕಾದೆವು. ಉಪಾಯ ಹೇಳಿದ್ದ ನೆರೆಯವರು ಪೆಚ್ಚು ಮುಖದಲ್ಲಿ ತಮ್ಮ ಕೋವಿ ಹಿಡಿದು ಜೊತೆಗೆ ಬಂದರು. ಹಂದಿ ತಿಂದದ್ದು ತಿಂದೇ ತಿಂದಿತು.

ಅತ್ತೆ ಈಗಿಲ್ಲ. ನಮ್ಮವರು ಎಡಗೈಯಲ್ಲಿ ಕಾಫಿ ಗಿಡದ ರೆಂಬೆ ಬಗ್ಗಿಸಿ ಹಿಡಿದು ಬಲಗೈಯಲ್ಲಿ ನೆಟ್ಟಗೆ ಏಳುವ ಬೇಡದ ಕಂಬಚಿಗುರು ಮುರಿಯುವುದನ್ನು ಕಂಡಾಗೆಲ್ಲ ಆ ತಾಯಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.